ಸಿಆರ್‌ಟಿ ಮಾನಿಟರ್‌ನಲ್ಲಿ ಬಣ್ಣದ ಮಚ್ಚೆ: ಡೀಗಾಸ್ ಮಾಡುವ ಸರಿಯಾದ ಕ್ರಮ

ಹಳೆಯ ಸಿಆರ್‌ಟಿ (ಪಿಕ್ಚರ್ ಟ್ಯೂಬ್ ಇರುವ) ಮಾನಿಟರ್‌ನ ಪರದೆಯ ಒಂದು ಮೂಲೆ ಹಸಿರು, ಇನ್ನೊಂದು ನೇರಳೆ ಆದ ಮಾತ್ರಕ್ಕೆ ಪಿಕ್ಚರ್ ಟ್ಯೂಬ್ ಹೋಯಿತು ಎನ್ನಬೇಡಿ. ಮೊದಲು ಪರದೆ ತುಂಬ ಬರೀ ಕೆಂಪು ಬಣ್ಣ ತನ್ನಿ. ಎಲ್ಲೆಡೆ ಒಂದೇ ಸಮ ಕೆಂಪಿದ್ದರೆ ದೋಷ ಕೇಬಲ್‌ನಲ್ಲೋ ವಿಡಿಯೊ ಬೋರ್ಡ್‌ನಲ್ಲೋ ಇರುತ್ತದೆ. ಅಲ್ಲಲ್ಲಿ ಬೇರೆ ಬಣ್ಣದ ಮಚ್ಚೆ ಕಂಡರೆ ಶ್ಯಾಡೋ ಮಾಸ್ಕ್‌ಗೆ ಕಾಂತತ್ವ ಹತ್ತಿರುವ ಸಾಧ್ಯತೆಯೇ ಹೆಚ್ಚು.

ಮಾಸ್ಕ್ ಎಂದರೆ ಗಾಜಿನ ಒಳಬದಿಯಲ್ಲಿರುವ, ಸಣ್ಣ ತೂತುಗಳ ತೆಳು ಲೋಹದ ಹಾಳೆ. ಮೂರು ಎಲೆಕ್ಟ್ರಾನ್ ಕಿರಣಗಳು ತಮ್ಮ ತಮ್ಮ ಬಣ್ಣದ ಫಾಸ್ಫರ್ (ಕಿರಣ ಬಿದ್ದಾಗ ಬೆಳಗುವ ಲೇಪ) ಮೇಲೇ ಬೀಳುವಂತೆ ನೋಡಿಕೊಳ್ಳುವುದು ಅದರ ಕೆಲಸ. ಅದಕ್ಕೆ ಕಾಂತತ್ವ ಹತ್ತಿದರೆ ಕಿರಣ ತುಸು ವಾಲಿ ಪಕ್ಕದ ಬಣ್ಣಕ್ಕೆ ಬಡಿಯುತ್ತದೆ. ಶೀಲ್ಡ್ ಇಲ್ಲದ ಸ್ಪೀಕರ್ ಪಕ್ಕದಲ್ಲಿದ್ದರೆ ಸಾಕು. ಮಾನಿಟರ್‌ನ ದಿಕ್ಕು ಬದಲಿಸಿದರೂ ಭೂಮಿಯ ಕಾಂತಕ್ಷೇತ್ರದಿಂದ ಬಣ್ಣ ಕೆಡಬಹುದು. ಆದ್ದರಿಂದ ಸ್ಪೀಕರ್ ದೂರವಿಟ್ಟು, ಮಾನಿಟರ್ ಅನ್ನು ಅದರ ಕಾಯಂ ಜಾಗದಲ್ಲಿಟ್ಟ ಮೇಲೆಯೇ ಡೀಗಾಸ್ ಮಾಡಬೇಕು, ಅಂದರೆ ಹತ್ತಿದ ಕಾಂತತ್ವ ಕಳೆಯಬೇಕು.

ಮೆನುವಿನಲ್ಲಿ ಡೀಗಾಸ್ ಇದ್ದರೆ ಒಮ್ಮೆ ಒತ್ತಿ, ಅರ್ಧ ಗಂಟೆ ಬಿಡಿ. ಒಳಗಿನ ಕಾಯಿಲ್‌ಗೆ ಕರೆಂಟ್ ಹೋಗುವುದು ಪಾಸಿಸ್ಟರ್ (ಕಾದಂತೆ ರೋಧ ಏರುವ ಬಿಡಿಭಾಗ) ಮೂಲಕ. ತಣ್ಣಗಿದ್ದಾಗ ಅದರ ರೋಧ ಹತ್ತಿಪ್ಪತ್ತು ಓಮ್ ಆಸುಪಾಸು. ಒಂದೆರಡು ಸೆಕೆಂಡಿನಲ್ಲಿ ಕಾದು ರೋಧ ಏರಿದಂತೆ ಕರೆಂಟ್ ಇಳಿಯುತ್ತದೆ. ಈ ಇಳಿಕೆಯೇ ಕಾಂತತ್ವ ಕಳೆಯುವುದು. ಬಿಸಿ ಇರುವಾಗ ಮತ್ತೆ ಮತ್ತೆ ಒತ್ತಿದರೆ ಪ್ರಯೋಜನವಿಲ್ಲ.

ಮಚ್ಚೆ ಹೋಗದಿದ್ದರೆ 230 ವೋಲ್ಟ್ ಎಸಿಯ ಕೈಯಲ್ಲಿ ಹಿಡಿದು ಬಳಸುವ ಡೀಗಾಸ್ ಕಾಯಿಲ್ ಬೇಕು. ಹಾರ್ಡ್ ಡಿಸ್ಕ್, ಫ್ಲಾಪಿ, ಎಟಿಎಂ ಕಾರ್ಡ್, ಕೈಗಡಿಯಾರ ದೂರವಿಡಿ. ಮಾನಿಟರ್ ಆನ್ ಇರಲಿ. ಎರಡು ಮೀಟರ್ ದೂರದಲ್ಲಿ ಕಾಯಿಲ್ ಆನ್ ಮಾಡಿ ಹತ್ತಿರ ಬನ್ನಿ. ಪರದೆಗೆ ಸಮಾಂತರವಾಗಿ ಹಿಡಿದು ಅಂಚಿನವರೆಗೂ ನಿಧಾನವಾಗಿ ಸುತ್ತಿಸಿ. ಬಣ್ಣಗಳು ಕುಣಿಯುತ್ತವೆ, ಹೆದರಬೇಡಿ. ಸುತ್ತಿಸುತ್ತಲೇ ಎರಡು ಮೀಟರ್ ಹಿಂದೆ ಸರಿದು, ಕಾಯಿಲ್ ಅನ್ನು ಪರದೆಗೆ ಅಡ್ಡವಾಗಿ ತಿರುಗಿಸಿ, ಆಮೇಲೆ ಆಫ್ ಮಾಡಿ. ಪರದೆಯ ಬಳಿಯೇ ಸ್ವಿಚ್ ಬಿಟ್ಟರೆ ಮೊದಲಿಗಿಂತ ದೊಡ್ಡ ಮಚ್ಚೆ ಕೂರುತ್ತದೆ. ಆಗ ಮೊದಲಿನಿಂದ ಇಡೀ ಕ್ರಮ ಮಾಡಬೇಕು. ಕಾಯಿಲ್ ಬೇಗ ಕಾಯುವುದರಿಂದ ನಡುನಡುವೆ ಆರಲು ಬಿಡಿ.

ಆನ್ ಮಾಡಿದಾಗ ಕೇಳಿಸುತ್ತಿದ್ದ 'ಧುಂ' ಸದ್ದು ನಿಂತಿದ್ದರೆ ಪಾಸಿಸ್ಟರ್ ಒಡೆದಿರಬಹುದು, ಇಲ್ಲವೇ ಕಾಯಿಲ್‌ನ ಕನೆಕ್ಟರ್ ಕಳಚಿರಬಹುದು. ಸದ್ದು ಬಂದ ಮೇಲೂ ಚಿತ್ರ ಸಣ್ಣಗೆ ಅಲುಗುತ್ತಿದ್ದರೆ ಪಾಸಿಸ್ಟರ್ ಪೂರ್ತಿ ಕಾಯುತ್ತಿಲ್ಲ, ಕಾಯಿಲ್‌ನಲ್ಲಿ ಕರೆಂಟ್ ಉಳಿಯುತ್ತಿದೆ. ಹೊಸದು ಹಾಕುವಾಗ ಅದೇ ನಂಬರಿನದೇ ಹಾಕಿ. ಪ್ಲಗ್ ಕಿತ್ತ ಮೇಲೂ ಮೇನ್ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಉಳಿದಿರಬಹುದು, ಟ್ಯೂಬಿನ ಆನೋಡ್‌ನಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಡಿಸ್ಚಾರ್ಜ್ ಮಾಡಲು ಬಾರದವರು ಹಿಂಬದಿ ಮುಚ್ಚಳ ತೆಗೆಯಲೇಬಾರದು.

ಕೆಳಗೆ ಬಿದ್ದು ಮಾಸ್ಕ್ ಬಾಗಿದ್ದರೆ ಎಷ್ಟು ಡೀಗಾಸ್ ಮಾಡಿದರೂ ಮಚ್ಚೆ ಅಲ್ಲೇ ಇರುತ್ತದೆ. ಅಂಥ ಟ್ಯೂಬ್ ಬದಲಿಸದೆ ದಾರಿಯಿಲ್ಲ.