50 ವಾಟ್‌ನ ಸೆಟ್ ಕೊಂಡರೆ ನನ್ನ ದನಿ ದೂರ ಹೋಗುತ್ತದೆಯೇ?

ಪ್ರಶ್ನೆ: ಹ್ಯಾಮ್ (ಹವ್ಯಾಸಿ) ರೇಡಿಯೋ ಪರವಾನಗಿ ಪಡೆದು 5 ವಾಟ್‌ನ ಹ್ಯಾಂಡಿ, ಅಂದರೆ ಕೈಯಲ್ಲಿ ಹಿಡಿದು ಮಾತನಾಡುವ ಸೆಟ್, ಕೊಂಡಿದ್ದೇನೆ. ಬೆಂಗಳೂರಿನ ನಮ್ಮ ಮನೆಯಿಂದ ಕರೆದರೆ ಮೂರು ನಾಲ್ಕು ಕಿಲೋಮೀಟರ್ ಆಚೆ ಯಾರಿಗೂ ಕೇಳಿಸುತ್ತಿಲ್ಲ. 50 ವಾಟ್‌ನ ಸೆಟ್ ಕೊಳ್ಳಬೇಕೆ?

ಉತ್ತರ: ಹಣ ತೆರುವ ಮೊದಲು ಇರುವ ಹ್ಯಾಂಡಿಯನ್ನೇ ಹಿಡಿದು ತಾರಸಿ ಹತ್ತಿ ಅಲ್ಲಿಂದ ಒಮ್ಮೆ ಕರೆದು ನೋಡಿ. ಕೆಳಗಿನ ಕೋಣೆಯಿಂದ ಯಾರಿಗೂ ಮುಟ್ಟದ ಕರೆಗೆ ಅಲ್ಲಿ ಉತ್ತರ ಬಂದರೆ, ಕೊರತೆ ಇರುವುದು ವಾಟ್‌ನಲ್ಲಲ್ಲ, ಎತ್ತರದಲ್ಲಿ ಎಂಬುದು ಖಚಿತವಾಗುತ್ತದೆ.

ನೀವು ಬಳಸುತ್ತಿರುವ 144–146 ಮೆಗಾಹರ್ಟ್ಸ್‌ನ ಅಲೆಗಳು ಬೆಳಕಿನ ಹಾಗೆ ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ಅವನ್ನು ವಾತಾವರಣದ ಮೇಲಿನ ವಿದ್ಯುದಾವೇಶದ ಪದರವಾದ ಅಯಾನುಗೋಳ ಸಾಮಾನ್ಯವಾಗಿ ನೆಲಕ್ಕೆ ಹಿಂದಿರುಗಿಸುವುದಿಲ್ಲ. ಆಂಟೆನಾದ ಎತ್ತರವನ್ನು ಮೀಟರ್‌ನಲ್ಲಿ ಅಳೆದು, ಅದರ ವರ್ಗಮೂಲವನ್ನು 4ರಿಂದ ಗುಣಿಸಿದರೆ ರೇಡಿಯೋ ದಿಗಂತ, ಅಂದರೆ ಅಲೆ ನೇರವಾಗಿ ಮುಟ್ಟಬಲ್ಲ ಮಿತಿ, ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂಬುದು ಸ್ಥೂಲವಾಗಿ ಸಿಗುತ್ತದೆ. ಬಯಲಿನಲ್ಲಿ ನಿಂತವನಿಗೆ ಅದು 5 ಕಿಲೋಮೀಟರ್, 16 ಮೀಟರ್ ಎತ್ತರದ ತಾರಸಿಗೆ 16 ಕಿಲೋಮೀಟರ್. ಬೆಂಗಳೂರಿನ ನೆಲಕ್ಕಿಂತ 500 ಮೀಟರಿಗೂ ಹೆಚ್ಚು ಮೇಲಿರುವ ನಂದಿಬೆಟ್ಟದ ತುದಿಯಿಂದ 90 ಕಿಲೋಮೀಟರ್ ಮೀರುತ್ತದೆ. ಕರೆಯನ್ನು ಹಿಡಿದು ಮರುಪ್ರಸಾರ ಮಾಡುವ ರಿಪೀಟರ್‌ಗಳನ್ನು ಎತ್ತರದ ಜಾಗದಲ್ಲಿ ಇಡುವುದೂ ಇದೇ ಕಾರಣಕ್ಕೆ. ಪಕ್ಕದ ಬೀದಿಯ ಕಾಂಕ್ರೀಟ್ ಕಟ್ಟಡದ ಮರೆಯಲ್ಲಿ ಸೊರಗುವ ಈ 5 ವಾಟ್‌ಗೇ, ಅಡ್ಡ ಏನೂ ಇಲ್ಲದಿದ್ದರೆ, ಸುಮಾರು 400 ಕಿಲೋಮೀಟರ್ ಮೇಲೆ ಹಾದುಹೋಗುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ಮುಟ್ಟಲು ಸಾಧ್ಯವಿದೆ. ಈ ಹವ್ಯಾಸದಲ್ಲಿ ನನ್ನನ್ನು ಇಂದಿಗೂ ಬೆರಗುಗೊಳಿಸುವ ಸಂಗತಿ ಇದು.

ಇನ್ನು ವಾಟ್‌ನ ಲೆಕ್ಕ. ಕೇಳುವ ಸೆಟ್‌ನಲ್ಲಿ ಸಿಗ್ನಲ್‌ನ ಬಲ ತೋರಿಸುವ ಮೀಟರ್ ಒಂದು ಎಸ್ ಮಟ್ಟ ಏರಬೇಕಾದರೆ ಶಕ್ತಿ ನಾಲ್ಕು ಪಟ್ಟಾಗಬೇಕು. 5 ವಾಟ್ 50 ಆದರೆ ಹತ್ತು ಪಟ್ಟು ಹೆಚ್ಚಿದಂತೆ ತೋರಿದರೂ ಕೇಳುವವರ ಮೀಟರ್ ಎರಡು ಮಟ್ಟವೂ ಪೂರ್ತಿ ಏರುವುದಿಲ್ಲ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಹೆಚ್ಚಿನ ವಾಟ್ ನಿಮ್ಮ ದನಿಯನ್ನಷ್ಟೇ ಬಲಪಡಿಸುತ್ತದೆ, ಕಿವಿಯನ್ನು ಚುರುಕುಗೊಳಿಸುವುದಿಲ್ಲ. ಒಳ್ಳೆಯ ಆಂಟೆನಾ ಎರಡನ್ನೂ ಮಾಡುತ್ತದೆ.

ಹ್ಯಾಂಡಿಯ ಜೊತೆ ಬರುವ ಗಿಡ್ಡ ರಬ್ಬರ್ ಆಂಟೆನಾದ ಬದಲು, ಸುಮಾರು ಅರ್ಧ ಮೀಟರ್ ಉದ್ದದ ಕಾಲು ತರಂಗದ (ಅಲೆಯ ಉದ್ದದ ಕಾಲು ಭಾಗದಷ್ಟಿರುವ) ಆಂಟೆನಾವನ್ನು ತಾರಸಿಯ ಕಂಬದ ಮೇಲೆ ನೆಟ್ಟಗೆ ನಿಲ್ಲಿಸಿ, ಅದರ ಬುಡದಿಂದ ಅಷ್ಟೇ ಉದ್ದದ ಮೂರು ನಾಲ್ಕು ಲೋಹದ ಕಡ್ಡಿಗಳನ್ನು ಸುತ್ತಲೂ ಹರಡಿ. ಸೆಟ್ಟನ್ನು ಆಂಟೆನಾಕ್ಕೆ ಸೇರಿಸುವ ಕೇಬಲ್‌ನಲ್ಲಿ ಮಾತ್ರ ಉಳಿತಾಯ ಬೇಡ. ತೆಳುವಾದ ಆರ್‌ಜಿ-58 ಕೇಬಲ್ಲನ್ನು 30 ಮೀಟರ್ ಎಳೆದರೆ ಈ ತರಂಗಾಂತರದಲ್ಲಿ ನಿಮ್ಮ ಶಕ್ತಿಯ ಮುಕ್ಕಾಲು ಪಾಲು ದಾರಿಯಲ್ಲೇ ಶಾಖವಾಗಿ ಕಳೆದುಹೋಗುತ್ತದೆ. ದಪ್ಪ ಆರ್‌ಜಿ-213 ದುಬಾರಿಯಾದರೂ ಅದನ್ನೇ ತನ್ನಿ, ಆದಷ್ಟು ಗಿಡ್ಡದಾಗಿ ಎಳೆಯಿರಿ.

ವಾಟ್ ಮುಖ್ಯವೋ ಆಂಟೆನಾ ಮುಖ್ಯವೋ ಎಂಬ ಚರ್ಚೆ ಹ್ಯಾಮ್‌ಗಳಲ್ಲಿ ಬಹಳ ಹಳೆಯದು. 5 ವಾಟ್ ಮೀರುವುದಿಲ್ಲವೆಂದು ಪಣ ತೊಟ್ಟ ಕ್ಯೂಆರ್‌ಪಿ (ಕಡಿಮೆ ಶಕ್ತಿಗೆ ಹ್ಯಾಮ್‌ಗಳ ಸಂಕೇತ) ಬಳಗ ಒಂದು ಕಡೆ, ಗದ್ದಲದ ನಡುವೆ ದನಿ ಮುಟ್ಟಬೇಕಾದರೆ ಶಕ್ತಿ ಬೇಕೇ ಬೇಕು ಎನ್ನುವವರು ಇನ್ನೊಂದು ಕಡೆ. ಎರಡನೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ವಿಪತ್ತಿನ ವೇಳೆ ಸಂದೇಶ ಮೊದಲ ಸಲಕ್ಕೇ ಸ್ಪಷ್ಟವಾಗಿ ತಲುಪಬೇಕಾದಾಗ 100 ವಾಟ್ ದೊಡ್ಡ ಆಸರೆ. ಆದರೆ ನೂರಾರು ಕಿಲೋಮೀಟರ್ ದೂರ ಮಾತನಾಡುವುದೇ ನಿಮ್ಮ ಆಸೆಯಾಗಿದ್ದರೆ ಬೇಕಾಗುವುದು 7 ಮೆಗಾಹರ್ಟ್ಸ್‌ನಂತಹ ಎಚ್‌ಎಫ್ (ಶಾರ್ಟ್‌ವೇವ್) ಬ್ಯಾಂಡ್. ಅಲ್ಲಿನ ಅಲೆಗಳನ್ನು ಅಯಾನುಗೋಳವೇ ಬಾಗಿಸಿ ನೆಲಕ್ಕೆ ಇಳಿಸುತ್ತದೆ. ಅದರ ಆಂಟೆನಾಗೆ ಸುಮಾರು 20 ಮೀಟರ್ ತಂತಿಯನ್ನು ನಡುವೆ ಕತ್ತರಿಸಿ, ಅಲ್ಲಿ ಕೇಬಲ್ ಜೋಡಿಸಿ, ಆ ನಡುಭಾಗವನ್ನು ಒಂದು ಬಿದಿರು ಗಳದ ತುದಿಗೆ ಕಟ್ಟಿ, ಎರಡು ಕೊನೆಗಳನ್ನೂ ಇಳಿಜಾರಾಗಿ ಎಳೆದರೆ ಸಾಕು.

ಹ್ಯಾಂಡಿಯ ಆಂಟೆನಾವನ್ನು ಮೇಲೇರಿಸಿದ ಮೇಲೂ ನಿಮ್ಮ ದನಿ ಕ್ಷೀಣವಾಗಿದೆ ಎಂದು ಗೆಳೆಯರು ಹೇಳಿದರೆ, ನಿಮ್ಮ ಪರವಾನಗಿಯ ದರ್ಜೆಗೆ ಎಷ್ಟು ವಾಟ್‌ವರೆಗೆ ಅನುಮತಿಯಿದೆ ಎಂಬುದನ್ನು ನೋಡಿಕೊಂಡು ಆಗ ದೊಡ್ಡ ಸೆಟ್ ಕೊಳ್ಳಿ. ಅದಕ್ಕೂ ಇದೇ ಕಂಬ, ಇದೇ ಕೇಬಲ್ ಬೇಕಾಗುತ್ತವೆ.