ಮೂರನೇ ಮಗುವಾದರೆ ಪಂಚಾಯಿತಿ ಚುನಾವಣೆಗೆ ನಿಲ್ಲುವಂತಿಲ್ಲವೇ?

ಪ್ರಶ್ನೆ: ನಮಗೆ ಇಬ್ಬರು ಹೆಣ್ಣುಮಕ್ಕಳು. ಅತ್ತೆಯವರಿಗೆ ಮೊಮ್ಮಗನನ್ನು ನೋಡುವ ಆಸೆ. ನನಗೆ ಈ ಸಲ ಗ್ರಾಮ ಪಂಚಾಯಿತಿಗೆ ನಿಲ್ಲುವ ಆಸೆ. ಮೂರನೆಯದು ಹುಟ್ಟಿದರೆ ಚುನಾವಣೆ, ಸರ್ಕಾರಿ ನೌಕರಿ, ರೇಷನ್ ಕಾರ್ಡ್ ಎಲ್ಲಕ್ಕೂ ಕುತ್ತು ಎಂದು ಜತ್ತ ಕಡೆಯ ನಮ್ಮ ನೆಂಟರು ಹೇಳುತ್ತಾರೆ. ಎರಡನೇ ಹೆರಿಗೆಯಾದಾಗ ಆಸ್ಪತ್ರೆಯಲ್ಲಿ ‘ಆಪರೇಷನ್ ಮಾಡಿಸಿಬಿಡಿ’ ಎಂದು ಬಹಳ ಒತ್ತಾಯ ಮಾಡಿದ್ದರು, ನಾನು ಒಪ್ಪಿರಲಿಲ್ಲ. ಮಕ್ಕಳೆಷ್ಟು ಇರಬೇಕೆಂದು ಸರ್ಕಾರ ಹೇಳಬಹುದೇ?

ಉತ್ತರ: ಮೊದಲು ಚುನಾವಣೆಯ ಮಾತು. ನೀವು ಧಾರಾಳವಾಗಿ ನಿಲ್ಲಬಹುದು, ಮಕ್ಕಳು ಇಬ್ಬರಿರಲಿ, ನಾಲ್ವರಿರಲಿ. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ ಸದಸ್ಯರ ಮನೆಯಲ್ಲಿ ಶೌಚಾಲಯ ಇದೆಯೇ ಎಂದು ಕೇಳುತ್ತದೆ, ತೊಟ್ಟಿಲು ಎಷ್ಟು ಸಲ ಕಟ್ಟಿದ್ದೀರಿ ಎಂದು ಕೇಳುವುದಿಲ್ಲ. ಸರ್ಕಾರಿ ನೌಕರಿಯ ಅಧಿಸೂಚನೆಗಳಲ್ಲಿ ಒಬ್ಬರಿಗಿಂತ ಹೆಚ್ಚು ಹೆಂಡತಿಯರಿರುವ ಪುರುಷ ಅರ್ಹನಲ್ಲ ಎಂಬ ಸಾಲು ಇರುತ್ತದೆ, ಮಕ್ಕಳ ಲೆಕ್ಕ ಇರುವುದಿಲ್ಲ. ಬಿಪಿಎಲ್ ಕಾರ್ಡಿನ ಅಕ್ಕಿಯಂತೂ ತಲೆಲೆಕ್ಕದ್ದು, ಹೆಸರು ಸೇರಿದರೆ ಅಕ್ಕಿಯೂ ಸೇರುತ್ತದೆ.

ಹಾಗೆಂದು ನಿಮ್ಮ ನೆಂಟರು ಸುಳ್ಳು ಹೇಳಿಲ್ಲ, ತಮ್ಮ ರಾಜ್ಯದ ಕಾನೂನು ಹೇಳಿದ್ದಾರೆ. ಜತ್ತದಲ್ಲಿ, ಅಕ್ಕಲಕೋಟೆಯಲ್ಲಿ ಮನೆಮಾತು ಕನ್ನಡವಾದರೂ ಕಾಯ್ದೆ ಮಹಾರಾಷ್ಟ್ರದ್ದು. ಅಲ್ಲಿ 2001ರ ಸೆಪ್ಟೆಂಬರ್ 12ರ ಬಳಿಕ ಮೂರನೇ ಮಗುವಾದವರು ಪಂಚಾಯಿತಿ ಸದಸ್ಯರಾಗುವಂತಿಲ್ಲ ಎಂಬ ನಿಯಮ ಬಂತು. 2005ರಲ್ಲಿ ಸರ್ಕಾರಿ ನೌಕರಿಗೂ ‘ಚಿಕ್ಕ ಕುಟುಂಬ’ದ ನಿಯಮ ಬಂದು, ಅರ್ಜಿಯ ಜೊತೆ ಮಕ್ಕಳ ಸಂಖ್ಯೆಯನ್ನು ಘೋಷಿಸಿ ಸಹಿ ಹಾಕುವ ಪದ್ಧತಿ ಶುರುವಾಯಿತು. ಒಂದೇ ಬೀಗತನದ ಎರಡು ಮನೆ, ನಡುವೆ ರಾಜ್ಯದ ಗಡಿ. ಅತ್ತ ಕಡೆಯ ಸೊಸೆಗೆ ಇರುವ ಅಡ್ಡಿ ಇತ್ತ ಕಡೆಯ ಸೊಸೆಗೆ ಇಲ್ಲ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ದೇಶದಲ್ಲಿ ಎಲ್ಲರಿಗೂ ಎರಡೇ ಮಕ್ಕಳು ಎಂದು ವಿಧಿಸುವ ಕೇಂದ್ರ ಕಾನೂನು ಇಲ್ಲ. ಅಂಥದೊಂದು ಬೇಕು ಎಂಬ ಅರ್ಜಿ ಸುಪ್ರೀಂ ಕೋರ್ಟಿಗೆ ಹೋದಾಗ, 2020ರ ಡಿಸೆಂಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೇ ಪ್ರಮಾಣಪತ್ರ ಸಲ್ಲಿಸಿ, ಇಂತಿಷ್ಟೇ ಮಕ್ಕಳಿರಬೇಕೆಂಬ ಬಲವಂತಕ್ಕೆ ತನ್ನ ವಿರೋಧವಿದೆ ಎಂದಿತು. ಆದರೆ ಸರ್ಕಾರಗಳು ಎದುರುಬಾಗಿಲಿನಿಂದ ಬರಲಾಗದಿದ್ದಾಗ ಹಿತ್ತಲಿನಿಂದ ಬರುವುದನ್ನು ಬಲ್ಲವು. ಮಗುವನ್ನು ತಡೆಯುವುದಿಲ್ಲ, ಮಗುವಾದ ಮೇಲೆ ಕುರ್ಚಿ ಕೊಡುವುದಿಲ್ಲ.

ಈ ಜಾಣತನಕ್ಕೆ ಸುಪ್ರೀಂ ಕೋರ್ಟಿನ ಮುದ್ರೆ ಬಿದ್ದದ್ದು 2003ರಲ್ಲಿ, ಹರಿಯಾಣದ ಜಾವೇದ್ ಪ್ರಕರಣದಲ್ಲಿ. ಚುನಾವಣೆಗೆ ನಿಲ್ಲುವುದು ಮೂಲಭೂತ ಹಕ್ಕಲ್ಲ, ಶಾಸನ ಕೊಟ್ಟ ಹಕ್ಕು. ಕೊಟ್ಟ ಶಾಸನವೇ ಅದಕ್ಕೆ ಷರತ್ತು ಹಾಕಬಹುದು ಎಂಬುದು ತೀರ್ಪಿನ ಸಾರ. ಮೂರನೇ ಮಗುವನ್ನು ದತ್ತು ಕೊಟ್ಟು ಪಾರಾಗಲು ನೋಡಿದವರಿಗೂ ಅಲ್ಲಿ ಉತ್ತರ ಸಿಕ್ಕಿತು: ಹುಟ್ಟಿತೆಂದರೆ ಲೆಕ್ಕಕ್ಕೆ ಬಂತು, ಯಾರ ಮಡಿಲಲ್ಲಿ ಬೆಳೆದರೂ ಅನರ್ಹತೆ ಹೋಗದು. ಹಳ್ಳಿಯ ಹೆಂಗಸಿಗೆ ಹೆರುವ, ಬಿಡುವ ತೀರ್ಮಾನದಲ್ಲಿ ಮಾತೇ ಇರುವುದಿಲ್ಲ, ಶಿಕ್ಷೆ ಮಾತ್ರ ಅವಳಿಗೆ ಎಂಬ ವಾದವನ್ನೂ ವಕೀಲರು ಮುಂದಿಟ್ಟಿದ್ದರು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ನನಗೆ ಆ ತೀರ್ಪಿನಲ್ಲಿ ಇಂದಿಗೂ ಅರಗದಿರುವುದು ಅದೇ ಭಾಗ. ನಿಮ್ಮ ಪತ್ರವನ್ನೇ ನೋಡಿ: ಮೊಮ್ಮಗ ಬೇಕಾಗಿರುವುದು ಅತ್ತೆಯವರಿಗೆ, ನೀವು ಗಡಿಯಾಚೆ ಇದ್ದಿದ್ದರೆ ನಾಮಪತ್ರ ತಿರಸ್ಕೃತವಾಗುತ್ತಿದ್ದುದು ಸೊಸೆಯದು.

ನೌಕರಿಯ ವಿಷಯದಲ್ಲೂ ಹೀಗೆಯೇ ಆಯಿತು. ರಾಜಸ್ಥಾನದಲ್ಲಿ 2002ರ ಜೂನ್ 1ರ ನಂತರ ಎರಡಕ್ಕಿಂತ ಹೆಚ್ಚು ಮಕ್ಕಳಾದವರಿಗೆ ಸರ್ಕಾರಿ ಕೆಲಸ ಇಲ್ಲ. 2017ರಲ್ಲಿ ಸೇನೆಯಿಂದ ನಿವೃತ್ತರಾದ ಒಬ್ಬರು ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಅರ್ಜಿ ಹಾಕಿ, ಈ ಕಾರಣಕ್ಕೆ ತಿರಸ್ಕೃತರಾಗಿ ಸುಪ್ರೀಂ ಕೋರ್ಟಿನವರೆಗೂ ಹೋದರು. 2024ರ ಫೆಬ್ರವರಿಯಲ್ಲಿ ಸೋತರು. ನ್ಯಾಯಾಲಯ ನೆಚ್ಚಿಕೊಂಡದ್ದು ಅದೇ ಜಾವೇದ್ ತೀರ್ಪನ್ನು.

ನಿಯಮ ಜಾರಿಯಾದ ಊರುಗಳಲ್ಲಿ ಏನಾಯಿತು ಎಂಬುದನ್ನು ನಿವೃತ್ತ ಐಎಎಸ್ ಅಧಿಕಾರಿ ನಿರ್ಮಲಾ ಬುಚ್ ಐದು ರಾಜ್ಯಗಳಲ್ಲಿ ಅಧ್ಯಯನ ಮಾಡಿದ್ದರು. ಕುರ್ಚಿ ಉಳಿಸಿಕೊಳ್ಳಲು ಹೆಂಡತಿಯನ್ನು ಬಿಟ್ಟವರು, ಮಗು ತಮ್ಮದೇ ಅಲ್ಲ ಎಂದವರು, ದತ್ತು ಕೊಟ್ಟವರು, ಭ್ರೂಣದ ಲಿಂಗ ತಿಳಿದು ಹೆಣ್ಣಾದರೆ ತೆಗೆಸಿದವರು ಆ ಅಧ್ಯಯನದಲ್ಲಿ ಸಿಕ್ಕರು. ಮನೆಯಲ್ಲಿ ಎರಡೇ ಮಕ್ಕಳಿಗೆ ಜಾಗ, ಅದರಲ್ಲಿ ಒಬ್ಬ ಗಂಡಾಗಲೇಬೇಕು ಎಂದಾಗ ಬಲಿ ಯಾರು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕೈಯಲ್ಲಿ ಮಹಿಳೆಯರಿಗೆ ಮೀಸಲು ಕೊಟ್ಟು, ಇಪ್ಪತ್ತರ, ಮೂವತ್ತರ ಹರೆಯದ ಹೆಂಗಸರನ್ನು ಇನ್ನೊಂದು ಕೈಯಲ್ಲಿ ಹೊರದಬ್ಬಿದ ನಿಯಮ ಇದು. ಹರಿಯಾಣ, ಹಿಮಾಚಲ ಪ್ರದೇಶ, ಮಧ್ಯಪ್ರದೇಶ, ಛತ್ತೀಸಗಡ ಆಮೇಲೆ ಅದನ್ನು ಕೈಬಿಟ್ಟವು. ಜಾವೇದ್ ಪ್ರಕರಣದಲ್ಲಿ ಗೆದ್ದ ಹರಿಯಾಣವೇ ಕೈಬಿಟ್ಟಿತು ಎಂಬುದನ್ನು ಗಮನಿಸಿ.

ಎರಡು ಮಕ್ಕಳ ಮಾತು ಬಂದಾಗಲೆಲ್ಲ ಹಳಬರಿಗೆ ನೆನಪಾಗುವುದು ತುರ್ತುಪರಿಸ್ಥಿತಿ. 1976ರ ಏಪ್ರಿಲ್‌ನಲ್ಲಿ ಬಂದ ರಾಷ್ಟ್ರೀಯ ಜನಸಂಖ್ಯಾ ನೀತಿ ಮದುವೆಯ ಕನಿಷ್ಠ ವಯಸ್ಸನ್ನು ಹೆಣ್ಣಿಗೆ 18, ಗಂಡಿಗೆ 21 ಮಾಡಬೇಕೆಂದಿತು. ಇಂದು ನಾವು ಹೆಣ್ಣುಮಗುವಿನ ರಕ್ಷಣೆ ಎಂದುಕೊಂಡಿರುವ ಈ ವಯಸ್ಸು 1978ರಲ್ಲಿ ಕಾನೂನಾದದ್ದು ಜನಸಂಖ್ಯೆ ತಗ್ಗಿಸುವ ಲೆಕ್ಕಾಚಾರದ ಭಾಗವಾಗಿ ಎಂಬುದು ಹೆಚ್ಚಿನವರಿಗೆ ಮರೆತುಹೋಗಿದೆ. ಅದೇ 1976ರಲ್ಲಿ ಮಹಾರಾಷ್ಟ್ರದ ಶಾಸನಸಭೆ ಮೂರು ಮಕ್ಕಳಾದವರಿಗೆ ಸಂತಾನಹರಣ ಚಿಕಿತ್ಸೆಯನ್ನು ಕಡ್ಡಾಯ ಮಾಡುವ ಮಸೂದೆಯನ್ನೇ ಅಂಗೀಕರಿಸಿತ್ತು. ರಾಷ್ಟ್ರಪತಿಯ ಅಂಕಿತ ಬೀಳದ್ದರಿಂದ ಅದು ಜಾರಿಗೆ ಬರಲಿಲ್ಲ. ಕಾನೂನು ಇಲ್ಲದೆಯೂ ಕೆಲಸ ನಡೆಯಿತು ಅನ್ನಿ. ಇಂತಿಷ್ಟು ‘ಕೇಸು’ ತರಬೇಕೆಂದು ಶಾಲೆಯ ಮೇಷ್ಟರಿಗೂ ಗುರಿ ಕೊಟ್ಟರು, ತರದವರ ಸಂಬಳ ನಿಲ್ಲಿಸಿದರು. ಹರಿಯಾಣದ ಉತ್ತಾವರ್ ಎಂಬ ಹಳ್ಳಿಯನ್ನು ನವೆಂಬರಿನಲ್ಲಿ ಪೊಲೀಸರು ಸುತ್ತುವರಿದು ಗಂಡಸರನ್ನು ಶಸ್ತ್ರಚಿಕಿತ್ಸೆಗೆ ಹೊತ್ತೊಯ್ದರು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು ನಡೆದವು, ಅವುಗಳಲ್ಲಿ ಬಹುಪಾಲು ಗಂಡಸರವು.

1977ರಲ್ಲಿ ಮತದಾರರು ಇದಕ್ಕೆ ಉತ್ತರ ಕೊಟ್ಟರು. ಇಲಾಖೆಯ ಹೆಸರು ‘ಕುಟುಂಬ ಯೋಜನೆ’ಯಿಂದ ‘ಕುಟುಂಬ ಕಲ್ಯಾಣ’ವಾಯಿತು. ರಾಜಕಾರಣಿಗಳು ಒಂದು ಪಾಠ ಕಲಿತರು: ಗಂಡಸರ ತಂಟೆಗೆ ಹೋಗಬಾರದು. ಆಮೇಲೆ ಇಡೀ ಹೊರೆ ಹೆಂಗಸರ ಹೊಟ್ಟೆಗೆ ಬಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆರೆದು ನೋಡಿ. ದೇಶದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ ಸುಮಾರು 38 ಮಂದಿಗೆ ಆಪರೇಷನ್ ಆಗಿದೆ, ಕರ್ನಾಟಕದಲ್ಲಿ ಸುಮಾರು 57 ಮಂದಿಗೆ. ಗಂಡಸರ ಲೆಕ್ಕ ದೇಶದಲ್ಲಿ ನೂರಕ್ಕೆ ಅರ್ಧವೂ ಇಲ್ಲ, 0.3. ಶಿಬಿರಗಳ ಅವಸರ ಎಲ್ಲಿಗೆ ಮುಟ್ಟಿತೆಂದರೆ, 2014ರ ನವೆಂಬರಿನಲ್ಲಿ ಛತ್ತೀಸಗಡದ ಬಿಲಾಸಪುರ ಜಿಲ್ಲೆಯ ಒಂದು ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಆ ಜಿಲ್ಲೆಯ ಶಿಬಿರಗಳಿಗೆ ಹೋದವರಲ್ಲಿ 13 ಮಂದಿ ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷದೊಳಗೆ ಇಂಥ ಶಿಬಿರಗಳನ್ನು ನಿಲ್ಲಿಸಬೇಕೆಂದು ಆದೇಶಿಸಿತು.

ನಮ್ಮ ಕರ್ನಾಟಕ ಇದರಲ್ಲಿ ಶುದ್ಧವಾಗಿ ಹೊರಗಿದೆಯೇ? ಇಲ್ಲ. ಆದರೆ ನಮ್ಮ ದಾರಿ ಬೇರೆ, ಹಳೆಯದು ಕೂಡ. ಎಂಟು ವರ್ಷದೊಳಗಿನ ಹುಡುಗಿಯ ಮದುವೆಯನ್ನೂ, ಐವತ್ತು ದಾಟಿದವನು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ಮೈಸೂರು ಸಂಸ್ಥಾನ 1894ರಲ್ಲೇ ನಿಷೇಧಿಸಿತ್ತು. 1930ರ ಜೂನ್‌ನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಬೆಂಗಳೂರು ಮತ್ತು ಮೈಸೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಆದೇಶವಾಯಿತು. ಸರ್ಕಾರವೊಂದು ಇಂಥ ಚಿಕಿತ್ಸಾಲಯ ತೆರೆದದ್ದು ಜಗತ್ತಿನಲ್ಲೇ ಮೊದಲು ಎಂದು ಜನಸಂಖ್ಯೆಯ ಇತಿಹಾಸ ಬರೆದವರು ಹೇಳುತ್ತಾರೆ. ಅಲ್ಲಿ ಹೋಗುವುದು, ಬಿಡುವುದು ನಿಮ್ಮಿಷ್ಟ. ಬಾಗಿಲು ತೆರೆದಿಟ್ಟು ಕೂರುವ ಆ ಸರ್ಕಾರ ನನಗೆ ಇಷ್ಟ.

ಇತ್ತೀಚಿನದು ಅಷ್ಟು ಸರಳವಾಗಿಲ್ಲ. ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ, ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂಬ ಬರಹ ನೋಡಿ ಬೆಳೆದವರು ನಾವು. (ಕೀರ್ತಿ ಯಾಕೆ ಗಂಡಿನ ಪಾಲಿಗೇ ಹೋಯಿತೋ!) 2006ರಲ್ಲಿ ಶುರುವಾದ ಭಾಗ್ಯಲಕ್ಷ್ಮಿ ಬಾಂಡ್ ಬಡವರ ಮನೆಯ ಹೆಣ್ಣುಮಗುವಿಗೆ 18 ತುಂಬಿದಾಗ ಹಣ ಕೊಡುವ ಯೋಜನೆ. ಅದರ ಷರತ್ತುಗಳನ್ನು ಓದಿದರೆ ಮಗಳ ಭವಿಷ್ಯದ ಪಕ್ಕದಲ್ಲೇ ತಾಯಿಯ ಗರ್ಭಕೋಶವೂ ಕೂತಿತ್ತು: ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳಿಗಷ್ಟೇ, ತಂದೆ ತಾಯಿಯಲ್ಲಿ ಒಬ್ಬರಿಗೆ ಶಾಶ್ವತ ಕುಟುಂಬ ಯೋಜನೆ ಆಗಿರಬೇಕು, ಮಗಳಿಗೆ 18ಕ್ಕೆ ಮೊದಲು ಮದುವೆ ಮಾಡುವಂತಿಲ್ಲ. ಕೊನೆಯ ಷರತ್ತಿಗೆ ನನ್ನ ತಕರಾರಿಲ್ಲ. ಮಗುವನ್ನು ಮದುವೆಯಿಂದ ಕಾಯುವುದು ಸರ್ಕಾರದ ಕೆಲಸವೇ. ದೊಡ್ಡವಳೊಬ್ಬಳ ದೇಹಕ್ಕೆ ಬಾಂಡಿನ ಆಮಿಷ ಒಡ್ಡುವುದು ಬೇರೆ ಬಾಬತ್ತು.

ಹೆರಿಗೆ ರಜೆಯಲ್ಲೂ ಎರಡರ ಗೆರೆ ಇದೆ. ರಾಜ್ಯ ಸರ್ಕಾರಿ ನೌಕರಳಿಗೆ 180 ದಿನಗಳ ರಜೆ ಸಿಗುವುದು ಬದುಕಿರುವ ಮಕ್ಕಳು ಎರಡಕ್ಕಿಂತ ಕಡಿಮೆ ಇದ್ದಾಗ ಮಾತ್ರ. ಖಾಸಗಿ ಸಂಸ್ಥೆಗಳಲ್ಲಿ ಮೊದಲೆರಡು ಹೆರಿಗೆಗೆ 26 ವಾರ, ಆಮೇಲೆ 12 ವಾರ. ಈ ಗೆರೆ ಸ್ವಲ್ಪ ಸಡಿಲವಾದದ್ದು 2025ರ ಮೇ ತಿಂಗಳಲ್ಲಿ. ತಮಿಳುನಾಡಿನ ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರಿಗೆ ಮೊದಲ ಮದುವೆಯಿಂದ ಇಬ್ಬರು ಮಕ್ಕಳು, ಅವರು ತಂದೆಯ ಬಳಿ ಇದ್ದರು. ಎರಡನೇ ಮದುವೆಯಲ್ಲಿ ಹುಟ್ಟಿದ ಮಗುವಿಗೆ ರಜೆ ಕೊಡಲಾಗದೆಂದು ಇಲಾಖೆ ಪಟ್ಟು ಹಿಡಿಯಿತು. ಹೆರಿಗೆ ರಜೆ ಹೆಣ್ಣಿನ ಸಂತಾನದ ಹಕ್ಕುಗಳ ಭಾಗ ಎಂದು ಹೇಳಿ ಸುಪ್ರೀಂ ಕೋರ್ಟ್ ಆಕೆಯ ಕಡೆ ನಿಂತಿತು.

ಈಗ ಗಾಳಿ ತಿರುಗಿದೆ. ಮೇಲೆ ಹೇಳಿದ 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು, ದೇಶಕ್ಕೆ 2.0, ಬಿಹಾರಕ್ಕೆ ಸುಮಾರು 3. ಲೋಕಸಭಾ ಸ್ಥಾನಗಳ ಹಂಚಿಕೆ 1971ರ ಜನಗಣತಿಗೆ ಕಟ್ಟಿಬಿದ್ದಿದ್ದು ತುರ್ತುಪರಿಸ್ಥಿತಿಯಲ್ಲೇ. ಜನಸಂಖ್ಯೆ ತಗ್ಗಿಸಿದ ರಾಜ್ಯ ಸ್ಥಾನ ಕಳೆದುಕೊಳ್ಳಬಾರದು ಎಂಬ ಭರವಸೆ ಅದು. 2026ರ ನಂತರದ ಜನಗಣತಿ ಬಂದರೆ ಆ ಕಟ್ಟು ಬಿಚ್ಚಬಹುದು, ಆಗ ದಕ್ಷಿಣದ ತೂಕ ಇಳಿಯುತ್ತದೆ ಎಂಬ ಭಯ ಎಲ್ಲರಲ್ಲಿದೆ. ಮೂರನೇ ಮಗುವಾದವರನ್ನು 1994ರ ಕಾಯ್ದೆಯಿಂದ ಪಂಚಾಯಿತಿಯ ಹೊರಗಿಟ್ಟಿದ್ದ ಆಂಧ್ರಪ್ರದೇಶ 2024ರ ನವೆಂಬರಿನಲ್ಲಿ ಆ ನಿಯಮ ರದ್ದುಮಾಡಿತು. ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಹೆಚ್ಚು ಮಕ್ಕಳನ್ನು ಹೆರಿ ಎನ್ನತೊಡಗಿದರು. ಅದರ ಹಿಂದಿನ ತಿಂಗಳು ಚೆನ್ನೈನ ಸಾಮೂಹಿಕ ವಿವಾಹವೊಂದರಲ್ಲಿ, ಆಗ ಮುಖ್ಯಮಂತ್ರಿಯಾಗಿದ್ದ ಸ್ಟಾಲಿನ್ ಹದಿನಾರು ಮಕ್ಕಳನ್ನು ಯಾಕೆ ಹೆರಬಾರದು ಎಂದು ತಮಾಷೆಯಾಗಿ ಕೇಳಿದರು. ತಮಾಷೆಯೋ ನಿಜವೋ, ಸ್ಥಾನಗಳ ಕೂಡಿಸುವ ಕಳೆಯುವ ಲೆಕ್ಕಕ್ಕೆ ಮತ್ತೆ ಹೆಂಗಸರನ್ನೇ ಕರೆಯುತ್ತಿದ್ದಾರೆ. ಕಡಿಮೆ ಹೆರಿ ಎಂದಾಗ ನನಗಿದ್ದ ತಕರಾರು ಹೆಚ್ಚು ಹೆರಿ ಎಂದಾಗಲೂ ಇದೆ.

ಉಳಿದದ್ದು ನಿಮ್ಮ ಆಸ್ಪತ್ರೆಯ ಅನುಭವ. ಹೆರಿಗೆಯ ಮಂಚದ ಮೇಲೆ ಒತ್ತಾಯ ಮಾಡುವುದು ತಪ್ಪು, ನೀವು ಒಪ್ಪದಿದ್ದದ್ದು ನಿಮ್ಮ ಹಕ್ಕು. ಸರ್ಕಾರದ ಮಾರ್ಗಸೂಚಿಯಂತೆ ಈ ಶಸ್ತ್ರಚಿಕಿತ್ಸೆಗೆ ನಿಮ್ಮ ಭಾಷೆಯಲ್ಲಿ ವಿವರಿಸಿ ಪಡೆದ ಒಪ್ಪಿಗೆ ಬೇಕು. ಬೇಡವೆಂದರೆ ಬೇರೆ ಯಾವ ಸೇವೆಯನ್ನೂ ನಿಲ್ಲಿಸುವಂತಿಲ್ಲ. ಗಂಡನ ಸಹಿ ಬೇಕಿಲ್ಲ, ಅತ್ತೆಯವರದಂತೂ ಬೇಡವೇ ಬೇಡ. ಮೂರನೆಯದು ಬೇಕೆಂದು ನೀವೇ ತೀರ್ಮಾನಿಸಿದರೂ ಸ್ಕ್ಯಾನಿಂಗ್‌ನಲ್ಲಿ ಗಂಡೋ ಹೆಣ್ಣೋ ಎಂದು ಕೇಳುವುದು ಅಪರಾಧ. ಹೇಳಿದವರಿಗೂ ಕೇಳಿದವರಿಗೂ ಜೈಲು ಶಿಕ್ಷೆ ಇದೆ. ಆ ಮಾತನ್ನು ಮನೆಯಲ್ಲಿ ಮೊದಲೇ ಗಟ್ಟಿಯಾಗಿ ಹೇಳಿಬಿಡಿ.

ಇಬ್ಬರೇ ಸಾಕು ಎಂದಾದರೆ ಆಪರೇಷನ್ ನಿಮಗೇ ಆಗಬೇಕೆಂದಿಲ್ಲ. ಗಂಡಸರಿಗೆ ಹೊಲಿಗೆ ಹಾಕದೆ ಮಾಡುವ ಚಿಕ್ಕ ಶಸ್ತ್ರಚಿಕಿತ್ಸೆ ಇದೆ, ಅದೇ ದಿನ ನಡೆದುಕೊಂಡು ಮನೆಗೆ ಬರಬಹುದು. ಅದು ಕೂಡಲೇ ಫಲಿಸುವುದಿಲ್ಲ. ಮೂರು ತಿಂಗಳವರೆಗೆ ಬೇರೆ ಎಚ್ಚರಿಕೆ ವಹಿಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು.