ರೇಡಿಯೇಟರ್ ಬದಲಿಸಿದರೂ ಹಳೇ ಕಾರು ಹೀಟ್ ಆಗುತ್ತಿದೆಯಾ? ಟೈಮಿಂಗ್ ನೋಡಿ

ಪ್ರಶ್ನೆ: ನನ್ನದು ಕಾರ್ಬುರೇಟರ್ ಇರುವ ಹಳೇ ಪೆಟ್ರೋಲ್ ಕಾರು. ಹೊಸ ರೇಡಿಯೇಟರ್ ಹಾಕಿಸಿದೆ, ಥರ್ಮೋಸ್ಟಾಟ್ ಬದಲಾಯಿಸಿದೆ. ಆದರೂ ದೂರ ಓಡಿಸಿದಾಗ, ಏರು ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಪಿಕಪ್ ಕೂಡ ಕಡಿಮೆಯಾಗಿದೆ. ಇಗ್ನಿಷನ್ ಟೈಮಿಂಗ್ ನೋಡಿಸಿ ಅಂತ ಒಬ್ಬರು ಹೇಳಿದರು. ಕಿಡಿ ಹಾರುವ ಹೊತ್ತಿಗೂ ನೀರು ಕುದಿಯುವುದಕ್ಕೂ ಏನು ಸಂಬಂಧ?

ಉತ್ತರ: ಸಂಬಂಧ ಇದೆ, ಅದೂ ತುಂಬಾ ಹತ್ತಿರದ್ದು. ನಿಮ್ಮ ಪ್ರಶ್ನೆಯಲ್ಲೇ ಒಂದು ಸುಳಿವು ಸಿಕ್ಕಿದೆ. ಹೀಟ್ ಆಗುವುದರ ಜೊತೆಗೆ ಪಿಕಪ್ ಕೂಡ ಹೋಗಿದೆ ಅಂದಿರಿ. ಬರೀ ರೇಡಿಯೇಟರ್ ಕಟ್ಟಿಕೊಂಡಿದ್ದರೆ ಇಂಜಿನ್ ಬಿಸಿಯಾಗುವ ತನಕ ಎಳೆತ ಚೆನ್ನಾಗಿಯೇ ಇರುತ್ತದೆ. ಎರಡೂ ಒಟ್ಟಿಗೆ ಬಂದರೆ ನಾನು ಮೊದಲು ಬಾನೆಟ್ ಎತ್ತಿ ಡಿಸ್ಟ್ರಿಬ್ಯೂಟರ್, ಅಂದರೆ ಒಂದೊಂದು ಪ್ಲಗ್‌ಗೂ ಸರಿಯಾದ ಹೊತ್ತಿಗೆ ಕಿಡಿಯ ಕರೆಂಟ್ ಹಂಚುವ ಭಾಗ, ನೋಡುತ್ತೇನೆ.

ಪ್ಲಗ್ ಕಿಡಿ ಕೊಟ್ಟ ತಕ್ಷಣ ಸಿಲಿಂಡರ್ ಒಳಗಿನ ಪೆಟ್ರೋಲ್ ಪೂರ್ತಿ ಒಮ್ಮೆಲೇ ಸಿಡಿಯುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಒಣಹುಲ್ಲಿಗೆ ಬೆಂಕಿ ಹತ್ತಿದ ಹಾಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹರಡುತ್ತದೆ. ಅದಕ್ಕೆ ಸ್ವಲ್ಪ ಸಮಯ ಬೇಕು. ಅದಕ್ಕೇ ಪಿಸ್ಟನ್ ಪೂರ್ತಿ ಮೇಲೆ ಬರುವ ಮೊದಲೇ ಕಿಡಿ ಹಾರಬೇಕು.

ಎಷ್ಟು ಮೊದಲು? ಬೆಂಕಿ ಹರಡಲು 2 ಮಿಲಿಸೆಕೆಂಡ್ ಬೇಕು ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಇಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುವಾಗ ಒಂದು ಸುತ್ತಿಗೆ 75 ಮಿಲಿಸೆಕೆಂಡ್ ಹಿಡಿಯುತ್ತದೆ. ಬೆಂಕಿ ಹರಡುವಷ್ಟರಲ್ಲಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಇಂಜಿನ್ನಿನ ಮುಖ್ಯ ದಂಡ) ಸುಮಾರು 10 ಡಿಗ್ರಿ ತಿರುಗಿರುತ್ತದೆ. ಅದೇ 3000 ಸುತ್ತಿನಲ್ಲಿ ಒಂದು ಸುತ್ತಿಗೆ 20 ಮಿಲಿಸೆಕೆಂಡ್ ಮಾತ್ರ. ಅಷ್ಟೇ ಹೊತ್ತಿನಲ್ಲಿ ಕ್ರ್ಯಾಂಕ್ 36 ಡಿಗ್ರಿ ದಾಟಿರುತ್ತದೆ. ವೇಗ ಹೆಚ್ಚಿದಂತೆ ಕಿಡಿಯೂ ಬೇಗ ಬರಬೇಕು ಅನ್ನುವುದು ಇದಕ್ಕೇ. ಇದನ್ನೇ ಅಡ್ವಾನ್ಸ್ ಅನ್ನುತ್ತಾರೆ.

ಈಗ ಕಿಡಿ ತಡವಾಯಿತು ಅಂದುಕೊಳ್ಳಿ. ಪಿಸ್ಟನ್ ಕೆಳಗೆ ಇಳಿಯುತ್ತಿದ್ದರೂ ಪೆಟ್ರೋಲ್ ಇನ್ನೂ ಉರಿಯುತ್ತಲೇ ಇರುತ್ತದೆ. ಪಿಸ್ಟನ್ನನ್ನು ತಳ್ಳಬೇಕಾದ ಶಕ್ತಿ ಶಾಖವಾಗಿಯೇ ಉಳಿಯುತ್ತದೆ. ಎಕ್ಸಾಸ್ಟ್ ವಾಲ್ವ್ ತೆರೆದಾಗ ಹೊರಗೆ ಬರುವ ಹೊಗೆ ಇರಬೇಕಾದ್ದಕ್ಕಿಂತ ಜಾಸ್ತಿ ಬಿಸಿ ಇರುತ್ತದೆ. ಆ ಹೊಗೆ ಸಿಲಿಂಡರ್ ಮೇಲೆ ಮುಚ್ಚಳದಂತೆ ಕೂತ ಸಿಲಿಂಡರ್ ಹೆಡ್ ಒಳಗಿನ ದಾರಿಯಲ್ಲೇ ಹೋಗಬೇಕು, ಅಲ್ವಾ? ಆ ದಾರಿಯ ಸುತ್ತ ಇರುವುದು ಕೂಲಿಂಗ್ ನೀರು. ಶಾಖ ನೇರ ಆ ನೀರಿಗೆ ಇಳಿಯುತ್ತದೆ. ಮೇಲಾಗಿ ಎಳೆತ ಕಡಿಮೆ ಆಯಿತು ಅಂತ ನೀವು ಆಕ್ಸಿಲರೇಟರ್ ಇನ್ನಷ್ಟು ಒತ್ತುತ್ತೀರಿ. ಪೆಟ್ರೋಲ್ ಜಾಸ್ತಿ, ಬೆಂಕಿ ಜಾಸ್ತಿ. ರೇಡಿಯೇಟರ್ ಹೊಸದಾದರೂ ಅದಕ್ಕೆ ಇಷ್ಟೊಂದು ಶಾಖ ಹೊರಹಾಕಲು ಆಗುವುದಿಲ್ಲ.

ಕಾರು ತಯಾರಕರಿಗೂ ಇದು ಚೆನ್ನಾಗಿ ಗೊತ್ತಿತ್ತು. 1970ರ ದಶಕದ ಹಲವು ಅಮೆರಿಕನ್ ಕಾರುಗಳಲ್ಲಿ ಹೊಗೆಯ ಮಾಲಿನ್ಯ ಕಡಿಮೆ ಮಾಡಲು ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಸುಮ್ಮನೆ ಓಡುವಾಗ) ಕಿಡಿಯನ್ನು ಬೇಕೆಂದೇ ತಡ ಮಾಡುತ್ತಿದ್ದರು. ನಿಂತಲ್ಲೇ ಇಂಜಿನ್ ಹೀಟ್ ಆಗುತ್ತಿತ್ತು. ಅದಕ್ಕೆ ನೀರಿನ ದಾರಿಯಲ್ಲೇ ಒಂದು ವ್ಯಾಕ್ಯೂಮ್ ಸ್ವಿಚ್ ಕೂರಿಸಿದರು. ನೀರು ಮಿತಿ ಮೀರಿ ಬಿಸಿಯಾದರೆ ಅದು ಕಿಡಿ ಬೇಗ ಬರುವಂತೆ ಮಾಡುತ್ತಿತ್ತು, ಇಂಜಿನ್ ತಣ್ಣಗಾಗುತ್ತಿತ್ತು.

ಯಾರೂ ಮುಟ್ಟದೆ ಟೈಮಿಂಗ್ ತಾನಾಗಿಯೇ ಹೇಗೆ ತಡವಾಗುತ್ತದೆ? ಸಾಮಾನ್ಯ ಕಾರಣ ಪಾಯಿಂಟ್, ಅಂದರೆ ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚುವ ಪುಟ್ಟ ಸ್ವಿಚ್. ಡಿಸ್ಟ್ರಿಬ್ಯೂಟರ್ ಕ್ಯಾಮ್‌ಗೆ ಉಜ್ಜಿಕೊಂಡಿರುವ ಪಾಯಿಂಟಿನ ಫೈಬರ್ ತುಂಡು ದಿನ ಕಳೆದಂತೆ ಸವೆಯುತ್ತದೆ. ಸವೆದಷ್ಟೂ ಪಾಯಿಂಟ್ ಗ್ಯಾಪ್ ಕಡಿಮೆ. ಗ್ಯಾಪ್ ಕಡಿಮೆಯಾದರೆ ಪಾಯಿಂಟ್ ತಡವಾಗಿ ತೆರೆಯುತ್ತದೆ. ತೆರೆದ ಕ್ಷಣಕ್ಕೇ ಕಿಡಿ ಹಾರುವುದರಿಂದ ಕಿಡಿಯೂ ತಡ. ಡಿಸ್ಟ್ರಿಬ್ಯೂಟರ್ ಒಂದು ಸುತ್ತು ತಿರುಗುವಷ್ಟರಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗುತ್ತದೆ. ಹಾಗಾಗಿ ಇಲ್ಲಿ 2 ಡಿಗ್ರಿ ತಪ್ಪಿದರೆ ಅಲ್ಲಿ 4 ಡಿಗ್ರಿ ತಪ್ಪುತ್ತದೆ.

ಎರಡನೆಯದು ವ್ಯಾಕ್ಯೂಮ್ ಅಡ್ವಾನ್ಸ್, ಅಂದರೆ ಇಂಜಿನ್ ಗಾಳಿ ಎಳೆಯುವ ಸೆಳೆತ ಬಳಸಿ ಕಿಡಿ ಬೇಗ ಬರಿಸುವ ಸಾಧನ. ಡಿಸ್ಟ್ರಿಬ್ಯೂಟರ್ ಪಕ್ಕದಲ್ಲಿ ಪುಟ್ಟ ಡಬ್ಬಿ ಇರುತ್ತದಲ್ಲ, ಅದು. ಒಳಗಿನ ಡಯಾಫ್ರಮ್ ಹರಿದಿದ್ದರೆ ಹದವಾದ ವೇಗದಲ್ಲಿ ಆರಾಮವಾಗಿ ಹೋಗುವಾಗ ಬೇಕಾದ ಅಡ್ವಾನ್ಸ್ ಸಿಗುವುದಿಲ್ಲ. ಐಡ್ಲಿಂಗ್‌ನಲ್ಲಿ ಎಲ್ಲ ಸರಿ ಕಾಣುತ್ತದೆ, ದೂರ ಓಡಿಸಿದಾಗ ಮುಳ್ಳು ಏರುತ್ತದೆ. ಪರೀಕ್ಷೆ ಸುಲಭ. ಇಂಜಿನ್ ನಿಲ್ಲಿಸಿ, ಕಾರ್ಬುರೇಟರ್ ಕಡೆಯ ಪೈಪ್ ಬಿಚ್ಚಿ ಬಾಯಿಂದ ಎಳೆಯಿರಿ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ನೋಡಿದರೆ ಪಾಯಿಂಟ್ ಕೂತ ಪ್ಲೇಟ್ ಸ್ವಲ್ಪ ಸರಿಯಬೇಕು. ನಾಲಿಗೆಯಿಂದ ಪೈಪ್ ಮುಚ್ಚಿದರೆ ಅಲ್ಲೇ ನಿಲ್ಲಬೇಕು. ವಾಪಸ್ ಬಂದರೆ ಡಯಾಫ್ರಮ್ ಹೋಗಿದೆ, ಇಲ್ಲವೇ ಪೈಪ್ ಸೀಳಿದೆ. ಹಾಗೆಯೇ ಕ್ಯಾಪ್ ಕೆಳಗೆ ತಿರುಗುವ ತುಂಡಾದ ರೋಟರನ್ನು ಅದು ತಿರುಗುವ ದಿಕ್ಕಿಗೆ ಕೈಯಿಂದ ಸ್ವಲ್ಪ ತಿರುಗಿಸಿ ಬಿಡಿ. ಸ್ಪ್ರಿಂಗ್ ಅದನ್ನು ವಾಪಸ್ ಎಳೆಯಬೇಕು. ಬಿಗಿಯಾಗಿ ನಿಂತರೆ ವೇಗ ಹೆಚ್ಚಿದಂತೆ ಕಿಡಿ ಬೇಗ ಬರಿಸುವ, ಕೆಳಗಿನ ತೂಕದ ತುಂಡುಗಳು ಜಾಮ್ ಆಗಿವೆ.

ಟೈಮಿಂಗ್ ತೀರಾ ಬೇಗ ಆದರೂ ಹೀಟ್ ಆಗುತ್ತದೆ. ಆಗ ಏರಿನಲ್ಲಿ ಟಕಟಕ ಅಂತ ನಾಕಿಂಗ್ ಕೇಳಿಸುತ್ತದೆ, ಬಿಸಿ ಇಂಜಿನ್ ಸ್ಟಾರ್ಟ್ ಮಾಡುವಾಗ ತಡೆತಡೆದು ತಿರುಗುತ್ತದೆ. ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಹಾಗೇ ಓಡಿಸಿದರೆ ಪಿಸ್ಟನ್ ತೂತಾಗಬಹುದು.

ಡಿಸ್ಟ್ರಿಬ್ಯೂಟರ್ ಮುಟ್ಟುವ ಮೊದಲು ಒಂದು ಮಾತು. ಯಾವಾಗ ಹೀಟ್ ಆಗುತ್ತದೆ ಅನ್ನುವುದನ್ನು ನೆನಪು ಮಾಡಿಕೊಳ್ಳಿ. ನಿಂತಾಗ ಮಾತ್ರ ಆಗಿ, ಓಡುವಾಗ ಇಳಿದರೆ ಮೊದಲು ಫ್ಯಾನ್ ಅಥವಾ ಬೆಲ್ಟ್ ನೋಡಿ. ಓಡುವಾಗಲೇ ಆದರೆ ಟೈಮಿಂಗ್ ಜೊತೆಗೆ ನೀರಿನ ಹರಿವು, ಕಾರ್ಬುರೇಟರ್ ಬುಡದಲ್ಲಿ ಗಾಳಿ ಸೋರಿಕೆ ಕೂಡ ನೋಡಬೇಕು. ಪ್ಲಗ್ ಬಿಚ್ಚಿದಾಗ ತುದಿ ತಿಳಿ ಕಂದು ಇದ್ದರೆ ಒಳ್ಳೆಯದು, ಬೆಳ್ಳಗಿದ್ದರೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ರೇಡಿಯೇಟರಿನಲ್ಲಿ ಬಿಡದೆ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಹೆಡ್ ಕೆಳಗಿನ ಸೀಲ್) ಮೇಲೆ ಅನುಮಾನ ಪಡಿ, ಓಡಿಸುವುದು ನಿಲ್ಲಿಸಿ. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ತೆಗೆಯಬೇಡಿ. ಥರ್ಮೋಸ್ಟಾಟ್ ಕಿತ್ತುಹಾಕಿ ಓಡಿಸಿ ಅನ್ನುವ ಸಲಹೆಯನ್ನೂ ಕೇಳಬೇಡಿ. ಅದರಿಂದ ಕಾಯಿಲೆ ವಾಸಿಯಾಗುವುದಿಲ್ಲ, ಇಂಜಿನ್ ಸರಿಯಾದ ಬಿಸಿಗೆ ಬರದೆ ಬೇಗ ಸವೆಯುತ್ತದೆ.

ಟೈಮಿಂಗ್ ಹೊಂದಿಸುವಾಗ ಕ್ರಮ ಮುಖ್ಯ. ಮೊದಲು ಪಾಯಿಂಟ್ ಗ್ಯಾಪ್, ಆಮೇಲೆ ಟೈಮಿಂಗ್. ತಿರುಗುಮುರುಗು ಮಾಡಿದರೆ ಹೊಂದಿಸಿದ ಟೈಮಿಂಗ್ ಮತ್ತೆ ಕೆಡುತ್ತದೆ. ಗ್ಯಾಪ್ ಬಹಳಷ್ಟು ಹಳೇ ಕಾರುಗಳಲ್ಲಿ 0.4 ಮಿ.ಮೀ. ಆಸುಪಾಸು ಇರುತ್ತದೆ. ನಿಮ್ಮ ಕಾರಿನ ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ. ನಂತರ ಇಂಜಿನ್ ಬಿಸಿ ಮಾಡಿ, ವ್ಯಾಕ್ಯೂಮ್ ಪೈಪ್ ಬಿಚ್ಚಿ ಅದರ ಬಾಯಿ ಮುಚ್ಚಿ. ಕ್ರ್ಯಾಂಕ್ ಪುಲ್ಲಿಯ ಗುರುತಿಗೆ ಸೀಮೆಸುಣ್ಣ ಹಚ್ಚಿ. ಕಿಡಿ ಹಾರಿದಾಗೆಲ್ಲ ಮಿಂಚುವ ಟೈಮಿಂಗ್ ಲೈಟಿನ ಕ್ಲಿಪ್ಪನ್ನು 1ನೇ ಸಿಲಿಂಡರಿನ ಪ್ಲಗ್ ವೈರಿಗೆ ಹಾಕಿ. ಆ ಬೆಳಕಿನಲ್ಲಿ ತಿರುಗುವ ಫ್ಯಾನ್ ನಿಂತಂತೆ ಕಾಣಬಹುದು. ಕೈ, ತೋಳು, ವೈರ್ ಯಾವುದೂ ಹತ್ತಿರ ಹೋಗದಂತೆ ನೋಡಿಕೊಳ್ಳಿ.

ಡಿಸ್ಟ್ರಿಬ್ಯೂಟರ್ ಕ್ಲಾಂಪ್ ಬೋಲ್ಟ್ ಸ್ವಲ್ಪವೇ ಸಡಿಲಿಸಿ. ರೋಟರ್ ತಿರುಗುವ ದಿಕ್ಕಿಗೆ ವಿರುದ್ಧ ತಿರುಗಿಸಿದರೆ ಕಿಡಿ ಬೇಗ ಬರುತ್ತದೆ, ಅದೇ ದಿಕ್ಕಿಗೆ ತಿರುಗಿಸಿದರೆ ತಡ. ಪುಲ್ಲಿಯ ಗುರುತು ಮ್ಯಾನ್ಯುಯಲ್ ಹೇಳಿದ ಡಿಗ್ರಿಗೆ ಕೂಡಿದ ಮೇಲೆ ಇಂಜಿನ್ ರೇಸ್ ಮಾಡಿ ನೋಡಿ. ಗುರುತು ನಿಧಾನಕ್ಕೆ, ಒಂದೇ ಸಮ ಅಡ್ವಾನ್ಸ್ ಕಡೆಗೆ ಸರಿಯಬೇಕು. ಎಷ್ಟು ಹೊಂದಿಸಿದರೂ ಎಳೆತ ಬರದಿದ್ದರೆ ಪುಲ್ಲಿಯ ಗುರುತೇ ತಪ್ಪಿರಬಹುದು. ಕೆಲವು ಪುಲ್ಲಿಗಳಲ್ಲಿ ನಡುವಿನ ರಬ್ಬರ್ ಹಳೆಯದಾಗಿ ಹೊರಗಿನ ಬಳೆ ಜಾರಿರುತ್ತದೆ. ಆಗ 1ನೇ ಪಿಸ್ಟನ್ ನಿಜವಾಗಿ ಮೇಲೆ ಬರುವ ಜಾಗ ಕಂಡುಹಿಡಿದು ಹೊಸ ಗುರುತು ಹಾಕಬೇಕು.

ಬೋಲ್ಟ್ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಲೈಟ್ ಹಿಡಿಯಿರಿ, ಬಿಗಿ ಮಾಡುವಾಗಲೇ ಡಿಸ್ಟ್ರಿಬ್ಯೂಟರ್ ಸರಿಯುವುದುಂಟು. ವ್ಯಾಕ್ಯೂಮ್ ಪೈಪ್ ವಾಪಸ್ ಹಾಕುವುದನ್ನು ಮರೆಯಬೇಡಿ. ಮೊದಲು ಹೀಟ್ ಆಗುತ್ತಿದ್ದ ಅದೇ ಏರಿಗೆ ಕಾರು ಒಯ್ಯಿರಿ. ಹತ್ತುವಾಗ ಟಕಟಕ ಸದ್ದು ಬಂದರೆ ಕಿಡಿಯನ್ನು 2 ಡಿಗ್ರಿ ತಡ ಮಾಡಿ.